ಬಾಸೆಲ್ ಮಿಶನ್ ಬೋಧಕರ ಗೃಹಜೀವನ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯದ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ಅಧ್ಯಾಪಕರಾದ ನಾವು ಕೆಲವು ಹೆಸರುಗಳನ್ನು ತಪ್ಪದೆ ಹೇಳುತ್ತೇವೆ. ಮೊದಲನೆಯ ಪತ್ರಿಕೆ ‘ಮಂಗಳೂರ ಸಮಾಚಾರ’, ಅದರ ಸಂಪಾದಕ ಹೆರ್ಮನ್ ಮೋಗ್ಲಿಂಗ್. ಕನ್ನಡ-ಇಂಗ್ಲಿಷ್ ಮಹಾಕೋಶ, ಅದರ ಕರ್ತೃ ಫರ್ಡಿನಾಂಡ್ ಕಿಟ್ಟೆಲ್. ಬಡಗರ ಬೆಟ್ಟದಲ್ಲಿ ದುಡಿದ ವೈಗ್ಲೆ ಮತ್ತು ಮೆಟ್ಸ್. ವಿದ್ಯಾರ್ಥಿಗಳು ಈ ಹೆಸರುಗಳನ್ನೂ ಇಸವಿಗಳನ್ನೂ ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಈ ಗ್ರಂಥಗಳೆಲ್ಲ ಹುಟ್ಟಿದ್ದು ಒಂದೊಂದು ಮನೆಯೊಳಗೆ. ಆ ಮನೆಗಳಲ್ಲಿ ಹೆಂಡತಿಯಿದ್ದಳು, ಮಕ್ಕಳಿದ್ದರು, ರೋಗವಿತ್ತು, ಸಾವೂ ಇತ್ತು. ಈ ಸಂಗತಿಯನ್ನು ಮಾತ್ರ ನಾವು ಪಾಠದಲ್ಲಿ ಹೇಳುವುದಿಲ್ಲ. ಬಾಸೆಲ್ ಮಿಶನ್ನಿನ ಬೋಧಕರು ತಮ್ಮ ಸೇವೆಯನ್ನೂ ಸಂಸಾರವನ್ನೂ ಹೇಗೆ ತೂಗಿಸಿಕೊಂಡರು, ಆ ತೂಕದಲ್ಲಿ ಯಾವುದು ಮೇಲಾಯಿತು, ಯಾವುದು ಕೆಳಗಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ. ಅವರ ಧರ್ಮಪ್ರಚಾರದ ಗುಣದೋಷ ವಿಮರ್ಶೆ ನಮ್ಮ ಉದ್ದೇಶವಲ್ಲ.

ಗಡಿನಾಡಿನವರಾದ ನಮಗೆ ಈ ವಿಷಯವು ಹೊರಗಿನದಲ್ಲ. ಆ ಬೋಧಕರು ಓಡಾಡಿದ ಪ್ರದೇಶವನ್ನು ಇಂದು ಮೂರು ನಾಲ್ಕು ರಾಜ್ಯಗಳು ಹಂಚಿಕೊಂಡಿವೆ. ಇಂದಿನ ಕಾಸರಗೋಡು ಅಂದು ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಗೆ ಸೇರಿ, ಬೇಕಲ ತಾಲೂಕಿನಲ್ಲಿತ್ತು. ನೀಲಗಿರಿಯ ಕೇತಿಯಲ್ಲಿ ಮಿಶನ್ನಿನ ಠಾಣೆಯಿತ್ತು. ೧೮೪೪ರಲ್ಲಿ ‘ಮಂಗಳೂರ ಸಮಾಚಾರ’ವು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋದಾಗ ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಆ ಕಾಲದ ಬೋಧಕನೊಬ್ಬನ ಕುಟುಂಬದ ಜಾಡನ್ನು ಹಿಡಿದು ಹೊರಟರೆ ಮಂಗಳೂರು, ತಲಚೇರಿ, ಮಡಿಕೇರಿ, ಕೇತಿ, ಧಾರವಾಡಗಳನ್ನೆಲ್ಲ ಸುತ್ತಿ ಬರಬೇಕಾಗುತ್ತದೆ.

ಹಿನ್ನೆಲೆ

ಬಾಸೆಲ್ ಮಿಶನ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಯಿತು. ಅದರಲ್ಲಿ ಸೇರಿದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಈಸ್ಟ್ ಇಂಡಿಯಾ ಕಂಪೆನಿಯ ೧೮೩೩ರ ಸನ್ನದಿನಿಂದ ಇಂಗ್ಲಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಲು, ಮರುವರ್ಷ ಅಂದರೆ ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು.

ಪಶ್ಚಿಮ ಕರಾವಳಿಯ ಜನರು ಪಾದ್ರಿಗಳನ್ನು ಅದಕ್ಕೆ ಮೊದಲೇ ಕಂಡಿದ್ದರು. ಆದರೆ ಗೋವೆಯ ಕಡೆಯಿಂದ ಬಂದ ರೋಮನ್ ಕೆಥೋಲಿಕ ಪಾದ್ರಿಗಳು ಬ್ರಹ್ಮಚಾರಿಗಳು. ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿದ ಪಾದ್ರಿ ನಮ್ಮ ಜನರಿಗೆ ಹೊಸಬ. ಮಾರ್ಟಿನ್ ಲೂಥರನು ೧೫೨೫ರಲ್ಲಿ ಕ್ಯಾಥರೀನಾ ಫಾನ್ ಬೋರಾಳನ್ನು ಮದುವೆಯಾದಂದಿನಿಂದ ಜರ್ಮನಿಯ ಪ್ರಾಟೆಸ್ಟೆಂಟರಲ್ಲಿ ಬೋಧಕನ ಮನೆಯೆಂಬುದು ಊರಿಗೊಂದು ಮಾದರಿಯಾಗಿ, ವಿದ್ಯೆಯ ನೆಲೆಯಾಗಿ ಬೆಳೆದು ಬಂದಿತ್ತು. ೧೮೩೨ರಲ್ಲಿ ಹುಟ್ಟಿದ ಕಿಟ್ಟೆಲರೂ ಅಂಥ ಬೋಧಕನೊಬ್ಬನ ಮಗನೇ. ಸಂಸಾರದಲ್ಲಿದ್ದುಕೊಂಡೇ ದೈವಸೇವೆ ಮಾಡಬಹುದೆಂಬ ವಿಚಾರ ಕನ್ನಡಿಗರಿಗೂ ಹೊಸದಲ್ಲ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳನ್ನು ಬಲ್ಲ ನಾಡು ನಮ್ಮದು. ಆದರೆ ಶರಣರ ಗೃಹಸ್ಥಧರ್ಮಕ್ಕೂ ಬಾಸೆಲ್ ಬೋಧಕರ ಗೃಹಸ್ಥಧರ್ಮಕ್ಕೂ ಒಂದು ದೊಡ್ಡ ಅಂತರವಿತ್ತು. ಬೋಧಕರ ಸಂಸಾರವು ಸಾವಿರಾರು ಮೈಲಿ ದೂರದ ಒಂದು ಸಮಿತಿಯ ಕಟ್ಟಳೆಗೆ ಒಳಪಟ್ಟಿತ್ತು.

ಸಮಿತಿಯ ಒಪ್ಪಿಗೆಯ ಮದುವೆ

ಬಾಸೆಲಿನಿಂದ ಹೊರಡುವ ತರುಣನು ಒಬ್ಬಂಟಿಯಾಗಿಯೇ ಹೊರಡಬೇಕೆಂಬುದು ನಿಯಮ. ಇಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತು, ಹವೆಗೆ ಒಗ್ಗಿಕೊಂಡ ಬಳಿಕ ಮದುವೆಗೆ ಅಪ್ಪಣೆ ಬೇಡಿ ಅರ್ಜಿ ಬರೆದುಕೊಳ್ಳಬೇಕು. ಸಮಿತಿಯು ಒಪ್ಪಿದರೆ ಕನ್ಯೆಯನ್ನು ನೋಡುವುದು. ಕನ್ಯೆಯನ್ನೂ ಸಮಿತಿಯೇ ಒಪ್ಪಬೇಕು. ಅನೇಕ ಸಂದರ್ಭಗಳಲ್ಲಿ ವಧೂವರರು ಮೊದಲು ಒಬ್ಬರನ್ನೊಬ್ಬರು ನೋಡಿಯೇ ಇರುತ್ತಿರಲಿಲ್ಲ. ಹುಡುಗಿಯು ತಾಯಿತಂದೆಗಳನ್ನು ಬಿಟ್ಟು ಹಡಗು ಹತ್ತಿ, ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು, ಇಳಿದ ಮೇಲೆ ಗಂಡನ ಮುಖವನ್ನು ಕಾಣುತ್ತಿದ್ದಳು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮೊದಲಿನ ಪ್ರಯಾಣದ ಕಷ್ಟವನ್ನು ವಾಚಕರು ಊಹಿಸಿಕೊಳ್ಳಬಹುದು. ಹಿರಿಯರು ನಿಶ್ಚಯಿಸಿದ ವರನ ಮುಖವನ್ನು ಅಂತಃಪಟ ಸರಿದಾಗ ನೋಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಪದ್ಧತಿಯು ಅಷ್ಟೇನೂ ವಿಚಿತ್ರವಾಗಿ ತೋರಿರಲಾರದು. ಆದರೆ ನಮ್ಮ ಅಜ್ಜಿಯರಿಗೆ ತವರುಮನೆ ಒಂದೆರಡು ದಿನದ ಗಾಡಿಯ ದಾರಿಯಲ್ಲಿತ್ತು. ಇವರಿಗೆ ಅದು ಇರಲಿಲ್ಲ.

ಮದುವೆಯನ್ನೇ ಮಾಡಿಕೊಳ್ಳದೆ ಉಳಿದವರೂ ಇದ್ದರು. ಮೊದಲು ಬಂದ ಮೂವರಲ್ಲಿ ಒಬ್ಬರಾದ ಹೆಬಿಕ್, ೧೮೪೧ರಲ್ಲಿ ಕಣ್ಣಾನೂರಿಗೆ ಹೋಗಿ ಅಲ್ಲಿಯೇ ನೆಲೆಸಿ, ೧೮೫೯ರಲ್ಲಿ ಸ್ವದೇಶಕ್ಕೆ ಹಿಂದಿರುಗುವವರೆಗೂ ಒಬ್ಬಂಟಿಯಾಗಿಯೇ ದುಡಿದರು.

ಆವರಣದೊಳಗಿನ ದಿನಚರಿ

ಬೋಧಕನ ಮನೆಯೆಂದರೆ ಒಂದು ಆವರಣ. ಅದರೊಳಗೆ ವಾಸದ ಬಂಗಲೆ, ಪ್ರಾರ್ಥನಾ ಮಂದಿರ, ಹುಡುಗರ ಶಾಲೆ, ಹುಡುಗಿಯರ ವಸತಿ ಶಾಲೆ, ಉಪದೇಶಿಗಳ ಬಿಡಾರ ಎಲ್ಲವೂ ಇರುತ್ತಿದ್ದವು. ಮುಂಜಾನೆ ಮನೆಯವರೆಲ್ಲ ಕೂಡಿ ಪ್ರಾರ್ಥನೆ, ಬಳಿಕ ಮುನ್ಶಿಯೊಡನೆ ಭಾಷಾಭ್ಯಾಸ, ಆಮೇಲೆ ಶಾಲೆ, ನಡುನಡುವೆ ಜಗಳ ಬಗೆಹರಿಸುವುದು, ಔಷಧಿ ಕೊಡುವುದು, ಲೆಕ್ಕ ಬರೆಯುವುದು, ಬಾಸೆಲಿಗೆ ವರದಿ ಕಳಿಸುವುದು. ಬೇಸಿಗೆಯಲ್ಲಿ ಹಳ್ಳಿಗಳ ಸಂಚಾರ, ಜಾತ್ರೆಗಳಲ್ಲಿ ಉಪದೇಶ. ಕರಾವಳಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಸಂಚಾರ ನಿಲ್ಲುತ್ತಿತ್ತು; ಆಗ ಓಲೆಗರಿ ಓದುವುದಕ್ಕೂ ಭಾಷಾಂತರಕ್ಕೂ ಬಿಡುವು ಸಿಕ್ಕುತ್ತಿತ್ತು. ನಮ್ಮ ಭಾಷೆಗೆ ದೊರೆತ ಗ್ರಂಥಗಳಲ್ಲಿ ಕೆಲವಾದರೂ ನಮ್ಮ ಮುಂಗಾರುಮಳೆಯ ಉಪಕಾರವೆಂದು ಹೇಳಬಹುದು.

ಇಂಥ ಮನೆಯಲ್ಲಿ ಹೆಂಡತಿಯ ಪಾಲಿನ ಕೆಲಸವು ಗಂಡನ ಕೆಲಸಕ್ಕಿಂತ ಕಡಮೆಯದಾಗಿರಲಿಲ್ಲ. ಹುಡುಗಿಯರ ಶಾಲೆ ಸಾಮಾನ್ಯವಾಗಿ ಅವಳದೇ. ಅಕ್ಷರ, ಹೊಲಿಗೆ, ಅಡಿಗೆ, ಶುಚಿತ್ವ, ರೋಗಿಗಳ ಆರೈಕೆ ಎಲ್ಲವನ್ನೂ ಅವಳೇ ಕಲಿಸಬೇಕು. ಗಂಡನು ಸಂಚಾರಕ್ಕೆ ಹೋದಾಗ ಆವರಣದ ಆಡಳಿತವೆಲ್ಲ ಅವಳ ತಲೆಯ ಮೇಲೆ. ಇಷ್ಟಾದರೂ ಅವಳನ್ನು ಬೋಧಕನ ಸಹಾಯಕಳೆಂದು ಎಣಿಸುತ್ತಿದ್ದರೇ ಹೊರತು ಸ್ವತಂತ್ರ ಕಾರ್ಯಕರ್ತೆಯೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪಶ್ಚಿಮ ಕರಾವಳಿಯ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯಲ್ಲಿ ಈ ಹೆಂಗಸರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ಈ ಆವರಣದ ಸಂಸಾರ ಬೋಧಕನ ಸ್ವಂತ ಸಂಸಾರದಷ್ಟೇ ಅಲ್ಲ. ಹೊಸದಾಗಿ ಸಭೆಗೆ ಸೇರಿದವನು ಜಾತಿಯಿಂದ ಹೊರಬಿದ್ದು ಮನೆ, ಕಸುಬು, ಗೇಣಿಯ ಭೂಮಿ ಎಲ್ಲವನ್ನೂ ಕಳೆದುಕೊಂಡು ಬರುತ್ತಿದ್ದನು. ಅವನಿಗೂ ಅವನ ಹೆಂಡತಿ ಮಕ್ಕಳಿಗೂ ಅನ್ನದ ದಾರಿ ತೋರಿಸುವ ಹೊಣೆ ಬೋಧಕನ ಮೇಲೆ ಬೀಳುತ್ತಿತ್ತು. ಮಂಗಳೂರಿನಲ್ಲಿ ೧೮೫೧ರಲ್ಲಿ ನೇಯ್ಗೆಯ ಕಾರ್ಖಾನೆಯೂ, ೧೮೬೫ರಲ್ಲಿ ಪ್ಲೆಬ್ಸ್ಟರ ಹಂಚಿನ ಕಾರ್ಖಾನೆಯೂ ಹುಟ್ಟಿದ್ದಕ್ಕೆ ಇದೇ ಮುಖ್ಯ ಕಾರಣ. ಮಂಗಳೂರು ಹಂಚೆಂದು ಹೆಸರಾದ ಹಂಚು ಗಡಿಯ ಈಚೆಗೂ ಆಚೆಗೂ ಎಷ್ಟೋ ಹಳೆಯ ಶಾಲೆಗಳ ಮಾಡಿನ ಮೇಲೆ ಇಂದಿಗೂ ಇದೆ. ಅದರ ಹುಟ್ಟಿನ ಹಿಂದೆ ಮನೆಕಳೆದುಕೊಂಡವರಿಗೆ ಕೆಲಸ ಒದಗಿಸಬೇಕಾದ ಚಿಂತೆಯಿತ್ತೆಂಬುದನ್ನು ಮಕ್ಕಳಿಗೆ ತಿಳಿಸುವುದು ಒಳ್ಳೆಯದು.

ಮಕ್ಕಳ ಪ್ರಶ್ನೆ

ಬೋಧಕರ ಬಾಳಿನಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ಅಗಲಿಕೆ. ಇಲ್ಲಿಯ ಉಷ್ಣಕ್ಕೂ ವಾಂತಿಭೇದಿ ಜ್ವರಗಳಿಗೂ ಎಳೆಯ ಮಕ್ಕಳು ತುತ್ತಾಗುತ್ತಿದ್ದುದು ಒಂದು ಕಾರಣ. ಯುರೋಪಿಯನ್ ವಿದ್ಯಾಭ್ಯಾಸಕ್ಕೆ ಅನುಕೂಲವಿಲ್ಲದಿದ್ದುದು ಇನ್ನೊಂದು. ತಾಯಿತಂದೆಗಳು ಮಕ್ಕಳ ಚಿಂತೆಯಲ್ಲಿ ಸೇವೆಯನ್ನು ಮರೆಯಬಾರದೆಂಬ ಸಮಿತಿಯ ಎಣಿಕೆ ಮೂರನೆಯದು. ಜೋಸೆಫ್ ಯೋಸೆನ್‌ಹಾನ್ಸ್ ಎಂಬವರು ಮಿಶನ್ನಿನ ಮುಖ್ಯಾಧಿಕಾರಿಯಾಗಿದ್ದಾಗ, ೧೮೫೩ರಲ್ಲಿ, ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗಾಗಿಯೇ ವಸತಿಗೃಹ ಏರ್ಪಟ್ಟಿತು. ಮಗುವಿಗೆ ಸುಮಾರು ಆರು ವರ್ಷವಾದೊಡನೆ ಅದನ್ನು ಅಲ್ಲಿಗೆ ಕಳಿಸಬೇಕೆಂದು ಕಟ್ಟಳೆಯಾಯಿತು. ಒಮ್ಮೆ ಕಳಿಸಿದ ಮಗುವನ್ನು ತಾಯಿ ಮತ್ತೆ ನೋಡುವಷ್ಟರಲ್ಲಿ ಹತ್ತು ಹನ್ನೆರಡು ವರ್ಷಗಳು ಕಳೆಯುವುದುಂಟು. ನೋಡದೆಯೇ ಹೋದ ತಾಯಂದಿರೂ ಉಂಟು.

ಬೋಧಕನ ಮನೆಯು ಹೊಸ ಸಭೆಯವರಿಗೆ ಕುಟುಂಬ ಜೀವನದ ಮಾದರಿಯಾಗಬೇಕೆಂದು ಸಮಿತಿಯ ಅಪೇಕ್ಷೆ. ಆ ಮಾದರಿ ಮನೆಯಲ್ಲಿಯೇ ಆರು ವರ್ಷ ದಾಟಿದ ಮಕ್ಕಳಿರಲಿಲ್ಲ. ತನ್ನ ಮಗಳನ್ನು ಹಡಗಿನಲ್ಲಿ ಕಳಿಸಿಕೊಟ್ಟ ತಾಯಿ, ಮರುದಿನ ಬೆಳಗ್ಗೆ ಅದೇ ಆವರಣದ ಶಾಲೆಯಲ್ಲಿ ಪರರ ಹೆಣ್ಣುಮಕ್ಕಳ ತಲೆ ಬಾಚಿ, ಅಕ್ಷರ ತಿದ್ದಿಸುತ್ತಿದ್ದಳು. ಆ ಮಕ್ಕಳಲ್ಲಿ ಅನಾಥರೂ ಇರುತ್ತಿದ್ದರು. ಇದನ್ನು ತ್ಯಾಗವೆನ್ನಬೇಕೆ, ಅನ್ಯಾಯವೆನ್ನಬೇಕೆ? ತಾಯಿಯೂ ತಂದೆಯೂ ಒಪ್ಪಿ ಮಾಡಿದ್ದಾದರೆ ಅವರ ಮಟ್ಟಿಗೆ ಅದು ತ್ಯಾಗವೇ ಸರಿ. ಆದರೆ ಆರು ವರ್ಷದ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮಕ್ಕಳೊಡನೆಯೇ ಆಯುಷ್ಯ ಕಳೆಯುವ ಅಧ್ಯಾಪಕರು ಈ ಭೇದವನ್ನು ಮರೆಯುವಂತಿಲ್ಲ.

ಗುಂಡರ್ಟರ ಮನೆ

ಮಲಯಾಳ ಭಾಷೆಗೆ ಮಹೋಪಕಾರ ಮಾಡಿದ ಹೆರ್ಮನ್ ಗುಂಡರ್ಟರ ಮನೆ ಇದಕ್ಕೆ ಉತ್ತಮ ಉದಾಹರಣೆ. ಗುಂಡರ್ಟರು ೧೮೩೬ರಲ್ಲಿ ಹಿಂದೂಸ್ಥಾನಕ್ಕೆ ಬಂದರು. ಅದೇ ತಂಡದಲ್ಲಿ ಬಂದಿದ್ದ ಜೂಲಿ ಡ್ಯುಬುವಾ ಎಂಬ, ಫ್ರೆಂಚ್ ಮನೆಮಾತಿನ ಸ್ವಿಸ್ ಮಹಿಳೆಯನ್ನು ೧೮೩೮ರಲ್ಲಿ ಚಿತ್ತೂರಿನಲ್ಲಿ ಮದುವೆಯಾಗಿ, ಅದೇ ವರ್ಷ ಮಂಗಳೂರಿಗೆ ಬಂದು, ೧೮೩೯ರಲ್ಲಿ ತಲಚೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದರು. ಗುಂಡರ್ಟರು ವ್ಯಾಕರಣ, ನಿಘಂಟುಗಳಿಗೆ ಸಾಮಗ್ರಿ ಕೂಡಿಸುತ್ತಿದ್ದಾಗ ಜೂಲಿಯವರು ಹುಡುಗಿಯರ ಶಾಲೆಯನ್ನು ನಡೆಸಿದರು. ೧೮೫೭ರಲ್ಲಿ ಗುಂಡರ್ಟರು ಮಲಬಾರ್ ಮತ್ತು ಕೆನರಾ ಸೀಮೆಗಳ ಶಾಲಾ ಇನ್‌ಸ್ಪೆಕ್ಟರರಾಗಿ ನೇಮಕಗೊಂಡರು. ಅಂದು ಕೆನರಾದಲ್ಲಿದ್ದ ಕಾಸರಗೋಡಿನ ಪ್ರದೇಶವೂ ಹೀಗೆ ಅವರ ವ್ಯಾಪ್ತಿಗೆ ಸೇರಿತು. ಗಡಿನಾಡಿನ ಅಧ್ಯಾಪಕ ವರ್ಗವು ಅವರನ್ನು ತಮ್ಮ ಹಿಂದಿನ ಇನ್‌ಸ್ಪೆಕ್ಟರರೆಂದು ಸಲಿಗೆಯಿಂದ ನೆನೆಯಬಹುದು. ೧೮೫೯ರಲ್ಲಿ ಅನಾರೋಗ್ಯದಿಂದ ಊರಿಗೆ ಹಿಂದಿರುಗಿದರು. ಅವರ ಮಲಯಾಳ-ಇಂಗ್ಲಿಷ್ ನಿಘಂಟು ೧೮೭೨ರಲ್ಲಿ ಹೊರಬಂದಿತು.

ಇವರ ಮಗಳು ಮರಿಯಾ ೧೮೪೨ರಲ್ಲಿ ಹುಟ್ಟಿದಳು. ಬಾಸೆಲಿನ ಮಕ್ಕಳ ಗೃಹ ಇನ್ನೂ ಆಗಿರದ ಕಾಲ. ೧೮೪೬ರಲ್ಲಿ, ನಾಲ್ಕು ವರ್ಷ ತುಂಬುವ ವಯಸ್ಸಿನಲ್ಲಿ, ಅವಳನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆಗಳು ಕೆಲಸಕ್ಕೆ ಮರಳಿದರು. ಅವಳು ತಿರುಗಿ ಅವರನ್ನು ಸೇರಿದ್ದು ೧೮೫೭ರಲ್ಲಿ, ಹದಿನೈದು ವರ್ಷದವಳಾಗಿ. ಬೆಳೆದದ್ದು ಪರರ ಕೈಯಲ್ಲಿ, ಜರ್ಮನ್ ಮಾತಿನ ನಡುವೆ. ತಾಯಿಯ ಮಾತು ಫ್ರೆಂಚ್. ಹಡೆದವರ ಮನೆಗೇ ಅತಿಥಿಯಂತೆ ಬಂದ ಆ ಹುಡುಗಿಯ ಸ್ಥಿತಿಯನ್ನು ಯೋಚಿಸಿದರೆ ಮನಸ್ಸು ಕರಗುತ್ತದೆ. ಮಗಳ ಕನ್ನಡ, ಮಲಯಾಳ, ತುಳುನಾಡುಗಳಿಗೆ ದೊರೆತ ತಂದೆಯ ಸಾನ್ನಿಧ್ಯವು ಮಗಳಿಗೆ ಹನ್ನೊಂದು ವರ್ಷ ದೊರೆಯಲಿಲ್ಲ.

ಹೀಗಿದ್ದೂ ಮರಿಯಾ ಮಿಶನ್ ಮನೆತನವನ್ನು ತೊರೆಯಲಿಲ್ಲ. ೧೮೬೫ರಲ್ಲಿ ಇಸೆನ್‌ಬರ್ಗ್ ಎಂಬ ಮಿಶನರಿಯನ್ನು ಮದುವೆಯಾದಳು; ಆತನು ೧೮೭೦ರಲ್ಲಿ ತೀರಿಕೊಂಡನು. ಎರಡು ಎಳೆಯ ಮಕ್ಕಳ ವಿಧವೆಯಾಗಿದ್ದವಳು ೧೮೭೪ರಲ್ಲಿ ಯೋಹಾನಸ್ ಹೆಸ್ಸೆಯನ್ನು ಕೈಹಿಡಿದಳು. ಆತನೂ ೧೮೬೯ರಲ್ಲಿ ಇಲ್ಲಿಗೆ ಬಂದು, ಮಂಗಳೂರಿನಲ್ಲಿಯೂ ಇದ್ದು, ದೇಹಸ್ಥಿತಿ ಕೆಟ್ಟು ೧೮೭೩ರಲ್ಲಿ ಮರಳಿದವನು. ಇವರ ಮಗನೇ ೧೮೭೭ರಲ್ಲಿ ಹುಟ್ಟಿದ ಹೆರ್ಮನ್ ಹೆಸ್ಸೆ; ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, ೧೯೪೬ರ ನೊಬೆಲ್ ಪಾರಿತೋಷಕ ಪಡೆದವನು.

ಮೋಗ್ಲಿಂಗ್, ವೈಗ್ಲೆ, ಪಾಲಿನ್

ಮೋಗ್ಲಿಂಗರು ೧೮೩೬ರ ಕೊನೆಯಲ್ಲಿ ಮಂಗಳೂರಿಗೆ ಬಂದವರು ಸುಮಾರು ಇಪ್ಪತ್ತು ವರ್ಷ ಅವಿವಾಹಿತರಾಗಿದ್ದರು. ಬಲ್ಮಠದ ಸೆಮಿನರಿಯ ಶಿಷ್ಯರೇ ಅವರ ಮನೆಯವರು. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದೂ, ೧೮೪೮ರಿಂದ ‘ಬಿಬ್ಲಿಯೊಥೆಕಾ ಕರ್ಣಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ ಈ ಕಾಲದಲ್ಲಿಯೇ. ಈ ಮಾಲೆಗೆ ಹಣ ಕೊಟ್ಟವರು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು. ಬಡಗರ ಮಕ್ಕಳಿಗಾಗಿ ಶಾಲೆ ತೆರೆದ ಪುಣ್ಯವೂ ಅವರದೇ. ಅವರು ೧೮೪೯ರಲ್ಲಿ ತೀರಿಕೊಂಡರು. ಕನ್ನಡದ ಪ್ರಾಚೀನ ಕಾವ್ಯಗಳು ಅಚ್ಚಿನ ಬೆಳಕು ಕಾಣುವುದಕ್ಕೆ ಇಂದು ತಮಿಳುನಾಡಿನಲ್ಲಿರುವ ಒಂದು ಬೆಟ್ಟದ ಊರಿನ ಹಣ ಒದಗಿತೆಂಬುದು ಗಡಿನಾಡಿನವರು ಹೆಮ್ಮೆಪಡುವ ಸಂಗತಿ.

ಆ ಕೇತಿಯಲ್ಲಿ ಕೆಲಸ ಮಾಡಿದವರು ಗಾಟ್‌ಫ್ರೀಡ್ ವೈಗ್ಲೆ, ಮೋಗ್ಲಿಂಗರ ಆಪ್ತಮಿತ್ರರು, ಕನ್ನಡ ಬೈಬಲನ್ನು ತಿದ್ದುವುದರಲ್ಲಿ ದುಡಿದವರು. ವೈಗ್ಲೆಯವರು ೧೮೫೫ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಮರುವರ್ಷ ಮೋಗ್ಲಿಂಗರು ಅವರ ವಿಧವೆ ಪಾಲಿನ್ ಅವರನ್ನು ಮದುವೆಯಾದರು. ವಿಧವಾ ವಿವಾಹಕ್ಕೆ ಕಾಯಿದೆಯ ಸಮ್ಮತಿ ನಮ್ಮ ದೇಶದಲ್ಲಿ ದೊರೆತದ್ದೂ ಅದೇ ೧೮೫೬ರಲ್ಲಿ ಎಂಬುದನ್ನು ಜ್ಞಾಪಿಸಿಕೊಳ್ಳಬಹುದು. ಆಗ ಮೋಗ್ಲಿಂಗರು ಕೊಡಗಿನಲ್ಲಿದ್ದರು. ಆದರೆ ಪಾಲಿನ್ ಅವರ ಆರೋಗ್ಯ ಕೆಟ್ಟು, ೧೮೬೦ರಲ್ಲಿ ದಂಪತಿಗಳು ಜರ್ಮನಿಗೆ ಹೊರಟುಹೋದರು. ಮೋಗ್ಲಿಂಗರು ಮತ್ತೆ ಬರಲಿಲ್ಲ. ೧೮೮೧ರಲ್ಲಿ ಅಲ್ಲಿಯೇ ಕಾಲವಾದರು. ಒಮ್ಮೆಯಾದರೂ ಸಂಸಾರದ ತಟ್ಟೆ ಭಾರವಾಯಿತು. ಕನ್ನಡಕ್ಕೆ ನಷ್ಟವಾಯಿತೆಂದು ಮರುಗುವವರು, ಹೆಂಡತಿಯ ಜೀವಕ್ಕಾಗಿ ಕಾರ್ಯಕ್ಷೇತ್ರವನ್ನು ಬಿಟ್ಟ ಆ ಮನುಷ್ಯತ್ವವನ್ನೂ ಗೌರವಿಸಬೇಕು.

ಕೋಶದ ಹಿಂದಿನ ಮನೆ

ಕಿಟ್ಟೆಲರು ೧೮೫೩ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಬಂದರು. ೧೮೬೦ರಲ್ಲಿ ಪಾಲಿನ್ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆ ತೀರಿಕೊಂಡರು. ‘ಕಥಾಮಾಲೆ’ (೧೮೬೨) ಈ ಅಲ್ಪಕಾಲದ ಸಂಸಾರದ ನಡುವೆ ಬಂದ ಕೃತಿ. ೧೮೬೭ರಲ್ಲಿ ಕಿಟ್ಟೆಲರು ಮೃತಪತ್ನಿಯ ಸಹೋದರಿ ಜೂಲಿ ಅವರನ್ನು ಮದುವೆಯಾದರು. ಈ ಎರಡನೆಯ ಸಂಸಾರದ ಕಾಲದಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ (೧೮೭೨), ನಾಗವರ್ಮನ ‘ಛಂದಸ್ಸು’ (೧೮೭೫) ಅಚ್ಚಾದವು. ೧೮೭೭ರಲ್ಲಿ ಸ್ವದೇಶಕ್ಕೆ ಹೋದವರು, ಕೋಶದ ಕೆಲಸವನ್ನು ಮುಗಿಸಲೆಂದು ೧೮೮೩ರಲ್ಲಿ ಪುನಃ ಹೊರಟು ಬಂದರು. ಆಗ ಅವರಿಗೆ ಐವತ್ತೊಂದು ವರ್ಷ. ಹೆಂಡತಿ ಮಕ್ಕಳು ಜರ್ಮನಿಯಲ್ಲಿಯೇ ಉಳಿದರು. ಒಂಬತ್ತು ವರ್ಷ ದುಡಿದು, ಕಣ್ಣೂ ದೇಹವೂ ಸೋತು, ೧೮೯೨ರಲ್ಲಿ ಮರಳಿದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕೋಶವು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ೧೯೦೩ರಲ್ಲಿ, ಅವರ ಕನ್ನಡ ವ್ಯಾಕರಣವು ಹೊರಬಂದ ವರ್ಷವೇ, ಅವರು ನಿಧನ ಹೊಂದಿದರು.

ಆ ಕೋಶದ ಮುಖಪುಟದ ಮೇಲೆ ಕಿಟ್ಟೆಲರ ಹೆಸರು ಮಾತ್ರ ಇದೆ. ಅದು ನ್ಯಾಯವೂ ಹೌದು. ಆದರೆ ಗಂಡನಿಲ್ಲದ ಒಂಬತ್ತು ವರ್ಷ ಮನೆಯನ್ನು ನಡೆಸಿ, ಮಕ್ಕಳನ್ನು ಬೆಳೆಸಿದ ಜೂಲಿಯವರ ಪಾಲು ಆ ಕೋಶದಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ನಮ್ಮ ಶಾಲೆಗಳ ಕಪಾಟಿನಲ್ಲಿ ಆ ದಪ್ಪ ಪುಸ್ತಕವನ್ನು ಕಂಡಾಗ ಈ ಮಾತೂ ನೆನಪಿಗೆ ಬರಬೇಕು.

ಒಡೆದ ಮನೆಗಳು

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಯ ಒಂದೇ ಮಗ್ಗುಲನ್ನು ಹೇಳಿದಂತಾಗುತ್ತದೆ. ಬೋಧಕರು ತಮ್ಮ ಮನೆಯ ಸುಖವನ್ನು ಬಿಟ್ಟು ಬಂದರು. ಅವರ ಬೋಧನೆಯಿಂದ ಇಲ್ಲಿಯ ಮನೆಗಳೂ ಒಡೆದವು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ಹೊಸ ಮತವನ್ನು ಸೇರಿದರು. ಮೋಗ್ಲಿಂಗರೊಡನೆ ೧೮೪೬ರಲ್ಲಿ ಬಾಸೆಲಿಗೆ ಹೋಗಿ ಅಭ್ಯಾಸ ಮಾಡಿ ೧೮೫೧ರಲ್ಲಿ ದೀಕ್ಷಿತ ಬೋಧಕರಾಗಿ ಮರಳಿದರು. ಚಿಕ್ಕಂದಿನಲ್ಲಿ ಕೈಹಿಡಿದ ಹೆಂಡತಿ ಲಕ್ಷ್ಮಿ ಅವರೊಡನೆ ಬಾಳಲು ಬರಲಿಲ್ಲ. ಕೌಂಡಿನ್ಯರು ೧೮೬೦ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾಗಿ, ಅಧ್ಯಾಪಕರಾಗಿಯೂ ಬೋಧಕರಾಗಿಯೂ ೧೮೯೩ರವರೆಗೆ ಬಾಳಿದರು. ಅವರ ವಿದ್ವತ್ತನ್ನೂ ಧೈರ್ಯವನ್ನೂ ಚರಿತ್ರಕಾರರು ಹೊಗಳಿದ್ದಾರೆ. ಗಂಡನಿದ್ದೂ ಇಲ್ಲದವಳಾಗಿ, ಆ ಕಾಲದ ಬ್ರಾಹ್ಮಣ ಮನೆಯಲ್ಲಿ ದಿನ ಕಳೆಯಬೇಕಾದ ಲಕ್ಷ್ಮಿಯ ಪಾಡನ್ನು ಯಾರೂ ಬರೆದಿಡಲಿಲ್ಲ. ತನ್ನ ಧರ್ಮವನ್ನು ಬಿಡಲೊಲ್ಲದ ಅವಳ ಧೈರ್ಯವೂ ಧೈರ್ಯವೇ.

ಸಂಶೋಧಕರಿಗೆ ಉಳಿದ ಕೆಲಸ

ಒಂದನೆಯ ಮಹಾಯುದ್ಧದಿಂದ ಬಾಸೆಲ್ ಮಿಶನ್ನಿನ ಹಳೆಯ ವ್ಯವಸ್ಥೆ ಕುಸಿಯಿತು. ಜರ್ಮನ್ ಬೋಧಕರನ್ನು ಸರಕಾರವು ಬಂಧನದಲ್ಲಿಟ್ಟು ಊರಿಗೆ ಕಳಿಸಿತು. ಕಾರ್ಖಾನೆಗಳು ಪರರ ಕೈಸೇರಿದವು. ಬಲ್ಮಠದ ಸೆಮಿನರಿ ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜಾಗಿ ನಡೆಯುತ್ತಿದೆ. ಬಾಸೆಲಿನಲ್ಲಿಯೂ ಟ್ಯೂಬಿಂಗನಿನಲ್ಲಿಯೂ ಬೋಧಕರ ಕಾಗದಪತ್ರಗಳು ಉಳಿದಿವೆ. ವಿದ್ವಾಂಸರು ಅವುಗಳಿಂದ ಬಹಳ ವಿಷಯಗಳನ್ನು ಹೊರತೆಗೆದಿದ್ದಾರೆ. ಆದರೆ ದೂರದ ಕಾಗದಗಳಿಗಾಗಿ ಕಾಯದೆ ಮಾಡಬಹುದಾದ ಕೆಲಸವೂ ನಮ್ಮ ಸುತ್ತ ಬೇಕಾದಷ್ಟಿದೆ.

ಹಳೆಯ ದೇವಾಲಯಗಳ ಜನನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು. ಸಮಾಧಿಗಳ ಮೇಲಿನ ಕನ್ನಡ ಬರಹಗಳು. ಉಪದೇಶಿಗಳ ವಂಶದವರು ನೆನಪಿಟ್ಟುಕೊಂಡ ಸಂಗತಿಗಳು. ವಸತಿ ಶಾಲೆಯಲ್ಲಿ ಓದಿದ ಅಜ್ಜಿಯರಿಂದ ಕೇಳಿದ ಮಾತುಗಳು ಇವನ್ನೆಲ್ಲ ಆಯಾ ಊರಿನ ಅಧ್ಯಾಪಕರು, ಮನೆಯವರ ಮತ್ತು ಸಭೆಯವರ ಅನುಮತಿ ಪಡೆದು, ಬರೆದಿಡಬೇಕು. ಕಾಸರಗೋಡಿನಲ್ಲಿಯೂ ನೀಲಗಿರಿಯಲ್ಲಿಯೂ ಈ ಸಾಮಗ್ರಿ ಬೇರೆ ಭಾಷೆಯ ಆಡಳಿತದ ನಡುವೆ ಇರುವುದರಿಂದ, ಓದುವವರಿಲ್ಲದೆ ಹಾಳಾಗುವ ಭಯ ಹೆಚ್ಚು. ಕನ್ನಡ ಬಲ್ಲ ಅಧ್ಯಾಪಕನೊಬ್ಬನು ಒಂದು ಬೇಸಿಗೆ ರಜೆಯನ್ನು ಇದಕ್ಕೆ ಕೊಟ್ಟರೂ ಬಹಳವಾಯಿತು. ಹಾಗೆ ಬರೆಯುವಾಗ ಬೋಧಕನ ಹೆಸರಿನ ಕೆಳಗೆ ಒಂದು ಸಾಲು ಬಿಟ್ಟು, ಅವನ ಹೆಂಡತಿಯ ಹೆಸರನ್ನೂ ಮಕ್ಕಳ ಹೆಸರನ್ನೂ ಹುಡುಕಿ ತುಂಬಬೇಕೆಂದು ನಮ್ಮ ವೃತ್ತಿಬಾಂಧವರಲ್ಲಿ ಪ್ರಾರ್ಥನೆ.